ಯಾವ ಸಾಲಿನ ಗಾಡಿ ಇದು? ಬಿಡಿಭಾಗಗಳೇ ಹೇಳುತ್ತವೆ!

ಹಳೇ ಇಂಗ್ಲಿಷ್ ಕಾರಿನ ಕಿಟಕಿ ಗಾಜಿನ ಮೂಲೆಯಲ್ಲಿ ಉಗುರಿನಗಲದ ಮುದ್ರೆಯೊಂದು ಇರುತ್ತದೆ: ಟ್ರಿಪ್ಲೆಕ್ಸ್. ಒದ್ದೆ ಬಟ್ಟೆಯಿಂದ ಧೂಳು ಒರೆಸಿ ಕಣ್ಣು ಹತ್ತಿರ ಒಯ್ದು ನೋಡಿ. ಅಕ್ಷರಗಳ ಮೇಲೆ, ಕೆಳಗೆ ಸಣ್ಣ ಚುಕ್ಕೆಗಳು! ಯಾವ ಅಕ್ಷರದ ಹತ್ತಿರ ಚುಕ್ಕೆ ಕುಳಿತಿದೆ ಎಂಬುದರ ಮೇಲೆ ಆ ಗಾಜು ತಯಾರಾದ ವರ್ಷದ ಕೊನೆಯ ಅಂಕಿಯೂ, ಅದು ವರ್ಷದ ಯಾವ ಮೂರು ತಿಂಗಳಲ್ಲಿ ಬಂತೆಂಬುದೂ ಗೊತ್ತಾಗುತ್ತದೆ. ಅರವತ್ತು ವರ್ಷ ಜನ ಆ ಗಾಜಿನಿಂದ ಹೊರಗಿನ ಊರು, ಹೊಲ, ಮಳೆ ಎಲ್ಲ ನೋಡಿದ್ದಾರೆ. ಗಾಜನ್ನೇ ನೋಡಿದವರು ಎಷ್ಟು ಮಂದಿ?

ತೆಲಂಗಾಣದ ಕಂಗ್ಟಿ, ನಾರಾಯಣಖೇಡ, ಜಹೀರಾಬಾದಿನ ಸುತ್ತ ಬೇವಿನ ಮರದಡಿಯೋ ದನದ ಕೊಟ್ಟಿಗೆಯ ಪಕ್ಕವೋ ನಿಂತುಬಿಟ್ಟ ಅಂಬಾಸಿಡರ್, ಫಿಯಟ್, ಜೀಪುಗಳ ಮುಂದೆ ನಿಂತು ಕೇಳಿದರೆ ಸಿಗುವ ಮಾತು ಹೆಚ್ಚಾಗಿ ಒಂದೇ.

“ಕಾಕಾ, ಯಾವ ಸಾಲಿನ ಗಾಡಿರಿ ಇದು?”

“ಯಾವ ಸಾಲಿಂದೋ ಏನೋ ತಮ್ಮಾ, ನಮ್ಮಪ್ಪನ ಕಾಲದ್ದದ.”

ಕಾಕಾನಿಗೆ ಗೊತ್ತಿಲ್ಲದಿರಬಹುದು, ಗಾಡಿಗೆ ಗೊತ್ತಿದೆ! ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುವ ರೈತನ ಹಾಗೆ, ಬಲ್ಲ ಮಿಸ್ತ್ರಿ ಮುಂದಿನ ಜಾಳಿ ನೋಡಿಯೇ ಅರ್ಧ ಕಥೆ ಹೇಳಿಬಿಡುತ್ತಾನೆ. ಅಂಬಾಸಿಡರ್ ಐವತ್ತಕ್ಕೂ ಹೆಚ್ಚು ವರ್ಷ ಒಂದೇ ಮೈಕಟ್ಟಿನಲ್ಲಿ ಬಂತು ಅನ್ನುತ್ತೇವೆ. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಿಂದ 1950ರ ದಶಕದ ಕೊನೆಯಲ್ಲಿ ಹೊರಟ ಆ ಸಾಲು ನಿಂತದ್ದು 2014ರ ಮೇ ತಿಂಗಳಲ್ಲಿ. ದೂರದಿಂದ ಎಲ್ಲವೂ ಒಂದೇ. ಹತ್ತಿರ ಹೋದರೆ ಒಂದರಂತೆ ಇನ್ನೊಂದಿಲ್ಲ! 1960ರ ದಶಕದ ಆರಂಭದಲ್ಲಿ ಮಾರ್ಕ್ 2 ಬಂದಾಗ ಜಾಳಿಯ ಚೌಕಗಳು ಒತ್ತೊತ್ತಾದವು. ಡ್ಯಾಶ್‌ಬೋರ್ಡಿನ ಮರದ ಹಲಗೆ ಹೋಗಿ ಅಲ್ಯುಮಿನಿಯಂ ಬಂತು. 1975ರ ಮಾರ್ಕ್ 3ರಲ್ಲಿ ಮುಖ ಮತ್ತೆ ಬದಲಾಯಿತು. 1979ರ ಮಾರ್ಕ್ 4ರಲ್ಲಿ ಚೌಕಾಕಾರದ ಪಾರ್ಕಿಂಗ್ ದೀಪಗಳು ಪ್ರತ್ಯೇಕವಾಗಿ ಬಂದವು. ಗೇರು ಸ್ಟಿಯರಿಂಗಿನ ಬುಡದಿಂದ ಇಳಿದು ಕಾಲಬಳಿ ಬಂದಿದ್ದರೆ, ಹೆಚ್ಚಿನ ಮಟ್ಟಿಗೆ 1990ರ ದಶಕದ ಇಸುಜು ಇಂಜಿನ್ನಿನ ಗಾಡಿ ಅದು.

ಬಾನೆಟ್ ಎತ್ತಿ. ಮೊದಮೊದಲ ಅಂಬಾಸಿಡರುಗಳಿಗೆ 1476 ಸಿಸಿಯ ಸೈಡ್ ವಾಲ್ವ್ ಇಂಜಿನ್ ಇತ್ತು. ಅದರ ವಾಲ್ವುಗಳು ಇಂಜಿನ್ ಬ್ಲಾಕಿನ ಪಕ್ಕದಲ್ಲಿ ಅಡಗಿರುವುದರಿಂದ ನೆತ್ತಿ ಚಪ್ಪಟೆ. 1959ರ ಸುಮಾರಿಗೆ 1489 ಸಿಸಿಯ ಓವರ್‌ಹೆಡ್ ವಾಲ್ವ್ ಇಂಜಿನ್ ಬಂತು; ಅದರ ನೆತ್ತಿಯ ಮೇಲೆ ಡಬ್ಬಿಯಂಥ ಉದ್ದನೆಯ ಮುಚ್ಚಳ. ಅಂದರೆ ನೆತ್ತಿ ಚಪ್ಪಟೆಯಿರುವ ಅಂಬಾಸಿಡರ್ ಯಾರದಾದರೂ ಕೊಟ್ಟಿಗೆಯಲ್ಲಿ ಸಿಕ್ಕರೆ, ನೀವು ಆ ಕಾರಿನ ಮೊಟ್ಟಮೊದಲ ಪೀಳಿಗೆಯ ಎದುರು ನಿಂತಿದ್ದೀರಿ!

ನಿಜವಾದ ಬೆರಗು ಇನ್ನೂ ಒಳಗಿದೆ. ಲೂಕಾಸ್ ಕಂಪನಿಯ ಡೈನಮೋ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರುಗಳ ಮೈಮೇಲೆ ತಿಂಗಳು ಮತ್ತು ವರ್ಷವನ್ನು ಸಣ್ಣ ಅಂಕಿಗಳಲ್ಲಿ ಒತ್ತುತ್ತಿದ್ದರು. 9, 62 ಎಂದಿದ್ದರೆ 1962ರ ಸೆಪ್ಟೆಂಬರ್. ಅಮೆರಿಕದ ಷೆವ್ರೊಲೆ ಇಂಜಿನ್ನಿನ ಎರಕದ ಮೇಲೆ ಒಂದು ಅಕ್ಷರ, ಎರಡು ಮೂರು ಅಂಕಿ: ‘ಎ’ ಜನವರಿ, ‘ಎಲ್’ ಡಿಸೆಂಬರ್, ಆಮೇಲೆ ತಾರೀಖು, ಕೊನೆಗೆ ವರ್ಷದ ಕೊನೆಯ ಒಂದೇ ಅಂಕಿ. ಆ ಅಂಕಿ 8 ಆದರೆ ಅದು 1938 ಇರಬಹುದು, 1948 ಇರಬಹುದು, 1958 ಇರಬಹುದು. ಯಾವ ದಶಕ ಅನ್ನುವುದನ್ನು ಎರಕ ಹೇಳುವುದಿಲ್ಲ. ಮಡ್‌ಗಾರ್ಡಿನ ಆಕಾರ ಹೇಳುತ್ತದೆ, ದೀಪ ಹೇಳುತ್ತದೆ. ಆರು ವೋಲ್ಟಿನ ಬ್ಯಾಟರಿ ಹೇಳುತ್ತದೆ, ಏಕೆಂದರೆ ಷೆವ್ರೊಲೆ ಕಾರುಗಳು ಹನ್ನೆರಡು ವೋಲ್ಟಿಗೆ ಬಂದದ್ದು 1955ರಲ್ಲಿ. ಒಂದು ಭಾಗ ಬಿಟ್ಟ ಮಾತನ್ನು ಇನ್ನೊಂದು ಭಾಗ ಪೂರ್ತಿ ಮಾಡುತ್ತದೆ!

ಇಲ್ಲಿ ಒಂದು ಎಚ್ಚರ ಬೇಕು. ಡೈನಮೋದ ಮೇಲಿನ ತಿಂಗಳು ಕಾರಿನ ತಿಂಗಳಲ್ಲ. ಭಾಗ ಮೊದಲು ತಯಾರಾಗುತ್ತದೆ, ಕಾರ್ಖಾನೆಗೆ ಸಾಗುತ್ತದೆ, ಆಮೇಲೆ ಕಾರಿಗೆ ಕೂರುತ್ತದೆ. ಕಾರು ತನ್ನ ಮೂಲ ಭಾಗಗಳಲ್ಲಿ ತೀರ ಹೊಸದಾದುದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಗಾಜು, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್ ಎಲ್ಲವೂ ಕೆಲವೇ ತಿಂಗಳ ಅಂತರದಲ್ಲಿ ಬಂದು ನಿಂತರೆ, ಆ ಗುಂಪಿನ ಬೆನ್ನಿಗೇ ಕಾರು ಹುಟ್ಟಿದೆ ಅಂತ ಧೈರ್ಯವಾಗಿ ಹೇಳಬಹುದು. ಒಂದು ಭಾಗ ಮಾತ್ರ ಹತ್ತು ವರ್ಷ ಈಚಿನದಾಗಿದ್ದರೆ ಅದು ಯಾವುದೋ ರಿಪೇರಿಯ ಸಾಕ್ಷಿ. ಹಾಗಾಗಿ ನೋಡಬೇಕಾದದ್ದು ಹೊಳೆಯುವ ಭಾಗವನ್ನಲ್ಲ, ಯಾರೂ ಬದಲಿಸಲು ಹೋಗದ ಭಾಗವನ್ನು: ಹಿಂದಿನ ಬಾಗಿಲ ಗಾಜು, ಎರಕದ ಹೊಟ್ಟೆ, ಸೀಟಿನಡಿಯ ತಗಡು.

ಜೀಪಿನ ವಿಷಯಕ್ಕೆ ಬಂದರೆ ಮೈ ಜುಮ್ಮೆನ್ನುತ್ತದೆ. ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಒಂದೇ ನಕ್ಷೆಯಿಂದ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಎರಡೂ ಕಣ್ಣಿಗೆ ಅವಳಿ. ಆದರೆ ಫೋರ್ಡ್ ತನ್ನ ಭಾಗಗಳ ಮೇಲೆ, ಕೊನೆಗೆ ಬೋಲ್ಟುಗಳ ತಲೆಯ ಮೇಲೂ, ಇಂಗ್ಲಿಷಿನ ‘ಎಫ್’ ಅಕ್ಷರ ಒತ್ತಿತು! ಚಾಸಿಯ ಮುಂದಿನ ಅಡ್ಡಪಟ್ಟಿ ಕೊಳವೆಯಾಗಿದ್ದರೆ ವಿಲ್ಲಿಸ್, ಮಗುಚಿಟ್ಟ ‘ಯು’ ಆಕಾರದ್ದಾದರೆ ಫೋರ್ಡ್. ಮುಖದ ಸೀಳುಗಳನ್ನು ಎಣಿಸಿ: ಅಚ್ಚೊತ್ತಿದ ತಗಡಿನಲ್ಲಿ ಒಂಬತ್ತಿದ್ದರೆ ಯುದ್ಧದ ಗಾಡಿ, ಏಳಿದ್ದರೆ ಯುದ್ಧ ಮುಗಿದ ಮೇಲಿನ ನಾಗರಿಕರ ಜೀಪು. ಬಾನೆಟ್ ಎತ್ತರವಾಗಿ ಉಬ್ಬಿದ್ದರೆ ಅದು 1953ರಿಂದೀಚಿನ ಸಿಜೆ-3ಬಿ ಮಾದರಿ. ಮಹೀಂದ್ರಾದವರು ದಶಕಗಳ ಕಾಲ ತಯಾರಿಸಿದ್ದು ಇದನ್ನೇ.

ಈ ಸೀಮೆಗೆ ತನ್ನದೇ ಆದ ಮೋಟಾರು ಚರಿತ್ರೆಯೂ ಇದೆ. ಜಹೀರಾಬಾದಿನಲ್ಲಿ 1980ರ ದಶಕದಲ್ಲಿ ಆಲ್ವಿನ್ ನಿಸ್ಸಾನ್ ಕಾರ್ಖಾನೆ ಕ್ಯಾಬ್‌ಸ್ಟಾರ್ ಸರಕು ಗಾಡಿಗಳನ್ನು ಮಾಡಿತು; ಮುಂದೆ ಅದು ಮಹೀಂದ್ರಾ ಕೈಸೇರಿತು. ಮೂತಿಯ ಮೇಲೆ ‘ಆಲ್ವಿನ್ ನಿಸ್ಸಾನ್’ ಎಂಬ ಹೆಸರು ಉಳಿದಿರುವ ಒಂದು ಗಾಡಿ ಸಿಕ್ಕರೂ ಅದು ಈ ನೆಲದಲ್ಲೇ ಹುಟ್ಟಿದ್ದು. ನಂಬರ್ ಪ್ಲೇಟಂತೂ ನೆಲದ ಕಥೆಯನ್ನೇ ಹೊತ್ತಿದೆ. ನಾರಾಯಣಖೇಡ, ಜಹೀರಾಬಾದ್ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು, ಆಮೇಲೆ ಮೆದಕ್ ಸೇರಿದವು, 2016ರ ಅಕ್ಟೋಬರಿನಲ್ಲಿ ಸಂಗಾರೆಡ್ಡಿ ಜಿಲ್ಲೆಗೆ ಬಂದವು. ಎಪಿ-23 ಎಂದರೆ ಮೆದಕ್ ಕಾಲ, ಟಿಎಸ್-15 ಎಂದರೆ ಸಂಗಾರೆಡ್ಡಿ, ಟಿಜಿ ಎಂದರೆ 2024ರ ಈಚೆ. ಕಂಗ್ಟಿಯ ಸಂತೆಗೆ ಬೀದರದ ಕೆಎ-38 ಬಂದರೂ ನಾಂದೇಡದ ಎಂಎಚ್-26 ಬಂದರೂ ಅಚ್ಚರಿಯಿಲ್ಲ, ಗಡಿ ಅಷ್ಟು ಹತ್ತಿರ.

ಹೈದರಾಬಾದಿಗೆ ಹೋದವರು ಚೌಮಹಲ್ಲಾ ಅರಮನೆಯ ಹಳದಿ ರೋಲ್ಸ್ ರಾಯ್ಸನ್ನು ತಪ್ಪದೆ ನೋಡಿ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಬಯಸಿ ಮಾಡಿಸಿದ 1912ರ ಸಿಲ್ವರ್ ಘೋಸ್ಟ್ ಅದು. ಕಾರು ತಯಾರಾಗುವ ಮೊದಲೇ, 1911ರಲ್ಲಿ, ಅವರು ತೀರಿಹೋದರು. ಅದು ಓಡಿದ್ದು ಕೆಲವೇ ನೂರು ಮೈಲಿ. ಅದರ ವರ್ಷ ಜಗತ್ತಿಗೇ ಗೊತ್ತು. ನನ್ನ ಕಾಳಜಿ ಯಾರೂ ದಾಖಲಿಸದ ನಮ್ಮ ಹಳ್ಳಿಯ ಗಾಡಿಗಳದ್ದು.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲೇ ಉಳಿದಿರುವ ಸ್ವಂತ ಬಳಕೆಯ ವಾಹನಕ್ಕೆ 20,000 ರೂಪಾಯಿ ಶುಲ್ಕ ಕಟ್ಟಿದರೆ ‘ವಿಎ’ ಅಕ್ಷರಗಳ ಪ್ರತ್ಯೇಕ ನಂಬರ್ ಸಿಗುತ್ತದೆ. ಆದ್ದರಿಂದ ನಿಮ್ಮ ಮನೆಯ ಹಿತ್ತಲಲ್ಲೋ ಕಾಕಾನ ಹೊಲದಲ್ಲೋ ಹಳೇ ಗಾಡಿಯೊಂದು ನಿಂತಿದ್ದರೆ ಭಂಗಾರದವನನ್ನು ಕರೆಯುವ ಮುನ್ನ ಆರ್‌ಸಿ ಪುಸ್ತಕ ಹುಡುಕಿ ತೆಗೆಯಿರಿ, ಚಾಸಿ ಮತ್ತು ಇಂಜಿನ್ ನಂಬರಿನ ಮೇಲಿನ ಜಿಡ್ಡು ಸೀಮೆಎಣ್ಣೆಯಲ್ಲಿ ಒರೆಸಿ, ಗಾಜಿನ ಮೂಲೆ, ಡೈನಮೋದ ಮೈ, ಮುಂದಿನ ಜಾಳಿ ಎಲ್ಲದರ ಫೋಟೋ ತೆಗೆದಿಡಿ. ಒಮ್ಮೆ ತೂಕದ ಲೆಕ್ಕದಲ್ಲಿ ಹೋದ ಗಾಡಿಯ ವರ್ಷವನ್ನು ಆಮೇಲೆ ಯಾರಿಂದಲೂ ಹೇಳಲಾಗುವುದಿಲ್ಲ.