ಬೀದರಿನ ನೆಲದೊಳಗಿನ ಕಾಲುವೆಯೂ ನಮ್ಮ ಹಿತ್ತಲ ಬಾವಿಯೂ

ಕಳೆದ ಮಾರ್ಗಶಿರದಲ್ಲಿ ಸೋನ್ಯಾಳದ ನಾವು ನಾಲ್ಕು ಮನೆಯವರು ಕೂಡಿ ಬೀದರ ಹತ್ತಿರದ ಕಮಠಾಣಕ್ಕೆ ಶ್ರೀ ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆಂದು ಹೋಗಿದ್ದೆವು. ದರ್ಶನ ಮುಗಿಸಿ ಊರಿಗೆ ಹೊರಡುವಾಗ, ತೊಗರಿ ವ್ಯಾಪಾರದಲ್ಲಿ ಪರಿಚಯವಾದ ಬೀದರಿನ ಮಿತ್ರರೊಬ್ಬರು, “ಸಾವಕಾರ್ರ, ಮ್ಯಾಲಿನ ಕೋಟಿ ಎಲ್ಲಾರೂ ನೋಡತಾರ. ನೆಲದಾಗಿಂದು ನೋಡಿಕೊಂಡು ಹೋಗ್ರಿ” ಎಂದು ಒತ್ತಾಯಿಸಿದರು. ಆ ಮಾತು ಕೇಳಿದ್ದು ಒಳ್ಳೆಯದಾಯಿತು.

ಬೀದರ ನಗರವು ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಪೀಠದ ಮೇಲಿದೆ. ಈ ಕಲ್ಲಿನ ಗುಣ ವಿಚಿತ್ರವಾದುದು. ನೆಲದೊಳಗಿರುವಾಗ ಮೆತ್ತಗಿದ್ದು ಸುಲಭವಾಗಿ ಕಡಿಯಲು ಬರುತ್ತದೆ. ಹೊರಗೆ ತೆಗೆದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತದೆ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ ಶಹಾನು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ, ಕೋಟೆಯ ಸುತ್ತ ಬಂಡೆಯನ್ನೇ ಕೊರೆದು ಕಂದಕ ಮಾಡಿದರು. ಒಂದು ಭಾಗದಲ್ಲಿ ಮೂರು ಸಾಲು ಕಂದಕಗಳಿದ್ದು, ನಡುವೆ ಬಂಡೆಯ ಗೋಡೆಗಳನ್ನು ಹಾಗೆಯೇ ಉಳಿಸಿದ್ದಾರೆ. ಅಂಚಿನಲ್ಲಿ ನಿಂತು ನೋಡಿದರೆ ದೊಡ್ಡದೊಂದು ಕಲ್ಲಿನ ಗಣಿಯಲ್ಲಿ ಇಣುಕಿದಂತೆಯೇ ಆಗುತ್ತದೆ.

ಆದರೆ ನನ್ನ ಮನಸ್ಸನ್ನು ಹಿಡಿದದ್ದು ನೌಬಾದದ ಕರೇಜ್. ಇದು ಇರಾನ್ ದೇಶದ ವಿದ್ಯೆ. ಬಹಮನಿ ಆಸ್ಥಾನಕ್ಕೆ ಅಲ್ಲಿಂದ ಅನೇಕರು ಬಂದಿದ್ದರು. 1472ರ ಮದರಸಾ ಕಟ್ಟಿಸಿದ ಮಹಮೂದ ಗವಾನನೂ ಆ ಕಡೆಯವನೇ. ಮೊದಲು ಸಾಲಾಗಿ ಬಾವಿಗಳನ್ನು ತೋಡುವುದು. ಆಮೇಲೆ ಕೆಲಸಗಾರರು ಒಳಗಿಳಿದು, ಒಂದು ಬಾವಿಯ ತಳದಿಂದ ಮತ್ತೊಂದರ ತಳಕ್ಕೆ ಅಡ್ಡಲಾಗಿ ಸುರಂಗ ಕೊರೆಯುವುದು. ಕಡಿದ ಮಣ್ಣು ಕಲ್ಲು ಅದೇ ಬಾವಿಯಿಂದ ಮೇಲಕ್ಕೆ. ಗಾಳಿ ಬೆಳಕು ಅದರಿಂದಲೇ ಒಳಕ್ಕೆ. ತಳಕ್ಕೆ ಸ್ವಲ್ಪವೇ ಇಳಿಜಾರು. ಮಳೆಯ ನೀರು ಕೆಂಪು ಕಲ್ಲಿನ ರಂಧ್ರಗಳಲ್ಲಿ ಇಳಿದು, ಕೆಳಗಿನ ಗಟ್ಟಿ ಪದರದ ಮೇಲೆ ನಿಂತು, ಸುರಂಗಕ್ಕೆ ಜಿನುಗಿ ತಾನಾಗಿಯೇ ಹರಿಯುತ್ತದೆ. ಮೋಟು ಬೇಡ, ಎತ್ತು ಬೇಡ, ಕರೆಂಟು ಬೇಡ. ಎರಡು ಕಿಲೋಮೀಟರಿಗೂ ಮಿಕ್ಕಿದ ಈ ಸುರಂಗಕ್ಕೆ ಇಪ್ಪತ್ತಕ್ಕೂ ಹೆಚ್ಚು ಗಾಳಿಬಾವಿಗಳಿವೆ. ಅವುಗಳಲ್ಲಿ ಕೆಲವು ಕಸ, ಮಣ್ಣು ತುಂಬಿ ಗುರುತೇ ಸಿಗದಂತಾಗಿದ್ದವು. 2015ರ ಸುಮಾರಿಗೆ ಹೂಳು ತೆಗೆಯುವ ಕೆಲಸ ಆರಂಭವಾಯಿತೆಂದು ಮಿತ್ರರು ಹೇಳಿದರು.

“ಇಷ್ಟು ಚೊಲೊ ಬಾವಿಯೊಳಗ ಕಸ ಹಾಕಾಕ ಮನಸರೆ ಹ್ಯಾಂಗ ಬಂತ್ರೀ?” ಎಂದು ನನ್ನ ಮನೆಯವರು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಅವರಿಗೂ ಆ ಮೇಲೆ ನೆನಪಾಗಿ ಸುಮ್ಮನಾದರು.

ವಾಚಕ ಬಂಧುಗಳೇ, ಮುಚ್ಚಿಡುವುದೇಕೆ? ನಮ್ಮ ಹಿತ್ತಲಲ್ಲಿ ಅಜ್ಜ ಕಟ್ಟಿಸಿದ ಕಲ್ಲಿನ ಬಾವಿ ಇತ್ತು. 1972ರ ಭಯಂಕರ ಬರದಲ್ಲಿಯೂ ಓಣಿಯವರಿಗೆ ದಿನಕ್ಕೆರಡು ಕೊಡ ನೀರು ಕೊಟ್ಟಿತ್ತು. ನಮ್ಮ ತಾಯಿ ಅರಿವೆಯಲ್ಲಿ ನೀರು ಸೋಸಿ, ಅರಿವೆಯಲ್ಲಿ ಉಳಿದ ಜೀವಗಳಿಗೆ ಬಾಧೆಯಾಗದಂತೆ ಅದೇ ಬಾವಿಗೆ ಮರಳಿ ಬಿಡುತ್ತಿದ್ದರು. ಬೋರು ಬಂದ ಮೇಲೆ, 2004ರಲ್ಲಿ, ನಾನೇ ನಿಂತು ಆ ಬಾವಿಗೆ ಕಲ್ಲುಮಣ್ಣು ತುಂಬಿಸಿ ಮೇಲೆ ಗೋದಾಮು ಕಟ್ಟಿಸಿದೆ. ತಾಯಿ ಒಂದೇ ಮಾತು ಹೇಳಿದ್ದರು: “ಇನ್ನ ಜೀವಾ ಎಲ್ಲಿ ಬಿಡಲಿ?” ನಾನು ನಕ್ಕಿದ್ದೆ. ಮುಂದೆ ಆರುನೂರು ಫೂಟಿನ ಆ ಬೋರು ಬತ್ತಿತು. ಇನ್ನೆರಡು ಹಾಕಿಸಿದೆ, ಅವೂ ಬತ್ತಿದವು. ಟ್ಯಾಂಕರಿಗೆ ಕೊಟ್ಟ ಹಣದ ಲೆಕ್ಕ ನನ್ನ ಖಾತೆಯಲ್ಲಿದೆ.

ನಾವು ವ್ಯಾಪಾರಸ್ಥರು. ಬಡ್ಡಿ ತಿನ್ನಬೇಕು, ಮುದ್ದಲು ಮುಟ್ಟಬಾರದು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಕರೇಜ್ ಕಟ್ಟಿದವರು ನೆಲ ಜಿನುಗಿಸಿದಷ್ಟನ್ನೇ ಪಡೆದರು. ನಾವು ಬೋರು ಹಾಕಿ ಮುದ್ದಲನ್ನೇ ಎತ್ತಿದೆವು.

ಊರಿಗೆ ಬಂದ ಮೇಲೆ ಮಗನ ಮುಂದೆ ಮಾತು ತೆಗೆದೆ. ಗೋದಾಮು ಒಡೆದರೆ ನಷ್ಟವೆಂದು ಎಂಟು ದಿನ ಒಪ್ಪಲಿಲ್ಲ. ಕೊನೆಗೆ ಹಿಂದಿನ ಎರಡು ಅಂಕಣ ಮಾತ್ರ ತೆಗೆದೆವು. ಈಗ ಹೂಳು ತೆಗೆಯುವ ಕೆಲಸ ನಡೆದಿದೆ. ಹನ್ನೆರಡು ಫೂಟಿಗೆ ಅಜ್ಜನ ಕಾಲದ ಮೆಟ್ಟಿಲು ಕಂಡಿವೆ, ನೀರು ಇನ್ನೂ ಕಂಡಿಲ್ಲ. ಮಾಳಿಗೆಯ ಮಳೆನೀರನ್ನು ಅದಕ್ಕೇ ಇಳಿಸಲು ಪೈಪು ತರಿಸಿಟ್ಟಿದ್ದೇನೆ.

ತಾಯಿ ಈಗಿಲ್ಲ. ನೀರು ಬಂದ ದಿನ ಅದನ್ನು ಸೋಸಿ, ಜೀವಗಳನ್ನು ಮರಳಿ ಬಿಡುವ ಕೆಲಸ ಸೊಸೆ ವಹಿಸಿಕೊಂಡಿದ್ದಾಳೆ. ನಿಮ್ಮ ಹಿತ್ತಲಲ್ಲಿಯೂ ಮುಚ್ಚಿದ ಬಾವಿ ಇದ್ದರೆ, ಒಮ್ಮೆ ಅದರ ಮೇಲೆ ನಿಂತು ವಿಚಾರ ಮಾಡಿರಿ.