ದಮ್ಮು ಮತ್ತು ಕಸುವು

ಮೈಸೂರಿನ ಗರಡಿಮನೆಗಳನ್ನು ಹೊಕ್ಕು ಕಂಡವರಿಗೆ ಅಲ್ಲಿಯ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆ, ಮೂಲೆಯ ಕಲ್ಲುಗುಂಡುಗಳು ನೆನಪಿನಲ್ಲಿ ಉಳಿದಿರಬಹುದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ಇಂದಿಗೂ ನಡೆಯುವುದುಂಟು. ಇಂಥ ಕಡೆಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ: ಒಂದು ಕಸುವು, ಇನ್ನೊಂದು ದಮ್ಮು. ಕಲ್ಲನ್ನು ನೆಲದಿಂದ ಬಿಡಿಸಿ ಹೆಗಲಿಗೇರಿಸುವುದು ಕಸುವು. ಜೋಡಿಯ ಪಟ್ಟುಗಳಿಗೆ ಮೈಯೊಡ್ಡಿಯೂ ಉಸಿರು ಕಟ್ಟದಂತೆ ನಿಲ್ಲುವುದು ದಮ್ಮು. ಪಾರಸಿಯಿಂದ ಬಂದ ಈ ಪದದ ಮೂಲಾರ್ಥವೇ ಉಸಿರು. ನಮ್ಮ ಪೈಲ್ವಾನರು ಇವೆರಡನ್ನೂ ಬೇರ್ಪಡಿಸಿ ನೋಡಿದವರಲ್ಲ. ನೂರಾರು ಬಸ್ಕಿ ಹೊಡೆಯುವವನು ಕಾಲಿಗೆ ಬಲವನ್ನೂ ಎದೆಗೆ ಉಸಿರನ್ನೂ ಒಟ್ಟಿಗೇ ಸಂಪಾದಿಸುತ್ತಿದ್ದ.

ಆಧುನಿಕ ಕ್ರೀಡಾಜಗತ್ತು ಮಾತ್ರ ಬಹುಕಾಲ ಇವನ್ನು ಸವತಿಯರಂತೆ ಕಂಡಿತು. ದೂರದ ಓಟಗಾರ ಭಾರ ಎತ್ತಿದರೆ ಮೈ ಬಿಗಿದೀತು, ಭಾರ ಎತ್ತುವವನು ಓಡಿದರೆ ಗಳಿಸಿದ ಮಾಂಸವೆಲ್ಲ ಕರಗೀತು ಎಂಬ ಭಯ. ಈ ಭಯಕ್ಕೆ ಸೊಪ್ಪು ಹಾಕದವರಲ್ಲಿ ಆಸ್ಟ್ರೇಲಿಯದ ಪರ್ಸಿ ಸೆರುಟಿ ಒಬ್ಬರು. ಪೋರ್ಟ್‌ಸೀ ಎಂಬಲ್ಲಿಯ ತಮ್ಮ ಶಿಬಿರದಲ್ಲಿ ಅವರು ಶಿಷ್ಯರನ್ನು ಮರಳುದಿಬ್ಬಗಳ ಮೇಲೆ ಓಡಿಸುತ್ತಿದ್ದರು. ಕಬ್ಬಿಣದ ಭಾರವನ್ನೂ ಎತ್ತಿಸುತ್ತಿದ್ದರು. ಅವರ ಶಿಷ್ಯ ಹರ್ಬ್ ಎಲಿಯಟ್ 1960ರ ರೋಮ್ ಒಲಿಂಪಿಕ್ ಕೂಟದಲ್ಲಿ 1500 ಮೀಟರ್ ದೂರವನ್ನು 3 ನಿಮಿಷ 35.6 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯೊಂದಿಗೆ ಗೆದ್ದ. ಒಬ್ಬ ಓಟಗಾರನಿಂದ ಸಿದ್ಧಾಂತ ಕಟ್ಟಲಾಗದು, ನಿಜ.

ಹಳೆಯ ಭಯದಲ್ಲಿಯೂ ಹುರುಳಿಲ್ಲದಿಲ್ಲ. ಅಮೆರಿಕದ ರಾಬರ್ಟ್ ಹಿಕ್ಸನ್ ಭಾರ ಎತ್ತುವ ಅಭ್ಯಾಸವಿದ್ದ ಸಂಶೋಧಕ. ಹಿರಿಯ ವಿಜ್ಞಾನಿ ಜಾನ್ ಹಾಲೋಸಿಯವರ ಜೊತೆ ಓಡತೊಡಗಿದ ಮೇಲೆ ತಮ್ಮ ಕಸುವು ಇಳಿಯುತ್ತಿರುವುದು ಅವರ ಗಮನಕ್ಕೆ ಬಂತು. ಮುಂದೆ ಅವರು ಇದನ್ನೇ ಪ್ರಯೋಗಕ್ಕೆ ಒಡ್ಡಿದರು. ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಮೂರು ಗುಂಪು, 10 ವಾರದ ಸಾಧನೆ. ಒಂದು ಗುಂಪು ವಾರಕ್ಕೆ 5 ದಿನ ಭಾರ ಎತ್ತಿತು. ಇನ್ನೊಂದು 6 ದಿನ ದಮ್ಮಿನ ಸಾಧನೆ ಮಾಡಿತು. ಮೂರನೆಯದು ಎರಡನ್ನೂ ಮಾಡಿತು. ಎರಡನ್ನೂ ಮಾಡಿದವರ ದಮ್ಮಿಗೆ ಕುಂದು ಬರಲಿಲ್ಲ. ಕಸುವು ಮಾತ್ರ ಏಳೆಂಟು ವಾರ ಏರಿ, ಬಳಿಕ ಇಳಿಮುಖವಾಯಿತು.

ಏಕೆ ಹೀಗೆ? ಸ್ನಾಯುವು ಮಾಡಿಸಿದ ಕೆಲಸಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ. ಭಾರ ಎತ್ತಿಸಿದರೆ ಎಳೆಗಳನ್ನು ದಪ್ಪಗೊಳಿಸುತ್ತದೆ. ಓಡಿಸಿದರೆ ನವುರಾದ ರಕ್ತನಾಳಗಳನ್ನೂ, ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಹೊರಡಿಸುವ ಕಣಗಳನ್ನೂ ಹೆಚ್ಚಿಸಿಕೊಳ್ಳುತ್ತದೆ. ಆಮ್ಲಜನಕ ಒಳಕ್ಕೆ ಇಂಗಲು ತೆಳುವಾದ ಎಳೆಯೇ ಅದಕ್ಕೆ ಅನುಕೂಲ. ಒಂದೇ ಮನೆಯಲ್ಲಿ ಒಬ್ಬ ಮೇಸ್ತ್ರಿ ಗೋಡೆಯನ್ನು ದಪ್ಪ ಮಾಡುತ್ತಿರುವಾಗ ಇನ್ನೊಬ್ಬ ಕಿಟಕಿ ಕೊರೆಯಲು ಬಂದಂತೆ. ಆದರೆ ಇಬ್ಬರಿಗೂ ಬಿಡುವಿಲ್ಲದ ದುಡಿಮೆ ಕೊಟ್ಟಾಗಲೇ ಜಗಳ ಜೋರು ಎಂಬುದನ್ನು ಮರೆಯಬಾರದು. ಫಿನ್‌ಲೆಂಡಿನ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನುರಿತ ಓಟಗಾರರ ಸಾಧನೆಯ ಸುಮಾರು ಮೂರನೆಯ ಒಂದು ಪಾಲನ್ನು ತೆಗೆದು ಆ ಜಾಗದಲ್ಲಿ ನೆಗೆತ, ಬಿರುಸಿನ ಗಿಡಿ ಓಟ, ಹಗುರ ಭಾರಗಳ ಚುರುಕು ಎತ್ತುವಿಕೆಯನ್ನು ಇಡಲಾಯಿತು. 9 ವಾರಗಳಲ್ಲಿ ಅವರ 5 ಕಿಲೋಮೀಟರ್ ಓಟದ ವೇಳೆ ಸುಧಾರಿಸಿತು. ಆಮ್ಲಜನಕ ಹೀರುವ ಶಕ್ತಿ ಹೆಚ್ಚಿರಲಿಲ್ಲ; ಹೆಜ್ಜೆಗೆ ತಗಲುವ ಖರ್ಚು ಕಡಿಮೆಯಾಗಿತ್ತು.

ಓಟಗಾರರ ಮಾತು ಹಾಗಿರಲಿ. ನಮ್ಮ ಊರುಗಳ ಉದ್ಯಾನಗಳಲ್ಲಿ ಮುಂಜಾನೆ ನಾಲ್ಕೈದು ಸುತ್ತು ಬಿರುಸಾಗಿ ನಡೆಯುವ ಹಿರಿಯರು ಎಷ್ಟೋ ಮಂದಿ. ಅದೇ ಹಿರಿಯರು ಮದುವೆಯ ಮನೆಯಲ್ಲಿ ಪಂಕ್ತಿಯ ಊಟಕ್ಕೆ ನೆಲಕ್ಕೆ ಕುಳಿತರೆ ಕೈಯೂರದೆ ಏಳಲಾರರು. ದಮ್ಮಿದೆ, ಕಸುವಿಲ್ಲ. ವಯಸ್ಸಾದಂತೆ ಸ್ನಾಯು ಸವೆಯುತ್ತದೆ. ಬರಿಯ ನಡಿಗೆ ಆ ಸವೆತವನ್ನು ತಡೆಯಲು ಸಾಲದು. ಬಚ್ಚಲಿನಲ್ಲಿ ಜಾರಿದಾಗ ಸಾವರಿಸಿಕೊಳ್ಳುವುದು ತೊಡೆಯ ಬಲವೇ ಹೊರತು ಸುತ್ತುಗಳ ಲೆಕ್ಕವಲ್ಲ. ಬೋಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ 10 ಮಂದಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿದ ಪ್ರಯೋಗ 1990ರಲ್ಲಿ ಪ್ರಕಟವಾಯಿತು. ಕೊನೆಯವರೆಗೆ ನಿಂತ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತ್ತು. ತೊಂಬತ್ತರಲ್ಲಿ ಆಗುವುದು ಅರವತ್ತರಲ್ಲಿ ಆಗದೆ?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಸಲಹೆ ಸರಳವಾಗಿದೆ: ವಾರಕ್ಕೆ 150ರಿಂದ 300 ನಿಮಿಷ ಹದವಾದ ನಡಿಗೆಯಂಥ ಚಟುವಟಿಕೆ, ಕಡಿಮೆಯೆಂದರೆ 2 ದಿನ ಸ್ನಾಯುಗಳಿಗೆ ಬಲ ಕೊಡುವ ಸಾಧನೆ. ಎರಡನ್ನೂ ಬೇರೆ ಬೇರೆ ದಿನ ಇಟ್ಟುಕೊಂಡರೆ ಮೇಸ್ತ್ರಿಗಳ ಜಗಳವೂ ತಪ್ಪುತ್ತದೆ. ಹೃದ್ರೋಗ, ರಕ್ತದ ಒತ್ತಡ ಉಳ್ಳವರು ವೈದ್ಯರನ್ನು ಕೇಳಿ ತೊಡಗಬೇಕು.

ಇನ್ನೊಂದು ಮಾತು. ನಮ್ಮ ಭಾಷೆಯಲ್ಲಿ ‘ಗೆಲುವು’ ಎಂದರೆ ಜಯವೂ ಹೌದು, ಮುಖದ ಉಲ್ಲಾಸವೂ ಹೌದು. ಕಾಯಿಲೆಯಿಂದ ಎದ್ದವನನ್ನು ‘ಇವತ್ತು ಗೆಲುವಾಗಿದ್ದಾನೆ’ ಎನ್ನುತ್ತೇವೆ. ಯಾರನ್ನು ಸೋಲಿಸಿದ ಎಂದು ಯಾರೂ ಕೇಳುವುದಿಲ್ಲ. ನಿನ್ನೆ ಎರಡು ಸಲ ಕೈಯೂರಿ ಎದ್ದವನು ಇಂದು ಊರದೆ ಎದ್ದರೆ ಅದು ಆ ಬಗೆಯ ಗೆಲುವು. ಇದನ್ನು ಹೇಳಿಕೊಳ್ಳಲು ನಾವು ಸಂಕೋಚಪಡುತ್ತೇವೆ, ‘ಈ ವಯಸ್ಸಿನಲ್ಲಿ ಇದೇನು ಹುಡುಗಾಟ’ ಎಂದಾರೆಂದು. ಎನ್ನಲಿ. ಒಂದು ಹಳೆಯ ದಿನಚರಿ ಪುಸ್ತಕದಲ್ಲಿ ತೇದಿ, ನಡೆದ ದೂರ, ಎತ್ತಿದ ಭಾರ ಇಷ್ಟನ್ನು ಬರೆದಿಡಿ. ಹಿಂದಿನ ತಿಂಗಳಿಗಿಂತ ಅರ್ಧ ಕಿಲೋ ಹೆಚ್ಚಾದ ದಿನ ಮನೆಯವರನ್ನು ಕರೆದು ತೋರಿಸಿ, ಇನ್ನೊಂದು ಲೋಟ ಕಾಫಿ ಕೇಳಬಹುದು.