ಅರಿಶಿನ ಪುಡಿ ಬಿಸಿನೆಸ್: 130 ಮತ್ತು 400 ರೂಪಾಯಿ ನಡುವೆ ಏನಿದೆ?



ಅರಿಶಿನ ಕೀಳುವ ಕಾಲ ಬಂದರೆ ಸಾಕು, ನನಗೆ ಒಂದೇ ಥರದ ಫೋನ್ ಬರುತ್ತೆ. "ಅಣ್ಣಾ, ಮಂಡೀಲಿ ಒಣ ಅರಿಶಿನಕ್ಕೆ ಕೆಜಿಗೆ 130 ಅಂತಾರೆ. ಅಂಗಡೀಲಿ ಸಾವಯವ ಪುಡಿ 400 ಇದೆ. ನಾವೇ ಪುಡಿ ಮಾಡಿ ಮಾರಿದ್ರೆ ಹೇಗೆ?"

ಮಾರಬಹುದು. ನಾನೂ ಇದೇ ಲೆಕ್ಕ ಹಾಕಿ ಶುರು ಮಾಡಿದೆ. ತೋಟಗಾರಿಕೆ ಡಿಗ್ರೀಲಿ ಬೆಳೆಯೋದು ಕಲಿಸಿದ್ರು, ಮಾರೋದು ಕಲಿಸಲಿಲ್ಲ. ಅದನ್ನು ಕಲಿತದ್ದು ಅಮ್ಮನ ಸರ ಗಿರವಿ ಇಟ್ಟ ಮೇಲೆ.

ಒಂದು ಕೆಜಿ ಪುಡಿಯ ನಿಜವಾದ ಲೆಕ್ಕ

100 ಕೆಜಿ ಹಸಿ ಅರಿಶಿನ ಬೇಯಿಸಿ ಒಣಗಿಸಿದರೆ ಸಿಗೋದು ಸುಮಾರು 20 ಕೆಜಿ. ತಳಿ ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ ಆಗುತ್ತೆ. ಪಾಲಿಶ್ ಮಾಡುವಾಗ, ಪುಡಿ ಮಾಡುವಾಗ ಇನ್ನಷ್ಟು ತೂಕ ಹೋಗುತ್ತೆ. ನನ್ನ ಮೊದಲ ವರ್ಷದ ಪುಸ್ತಕದಲ್ಲಿ ಒಂದು ಕೆಜಿಗೆ ಬಿದ್ದ ಖರ್ಚು ಹೀಗಿತ್ತು:

- ಒಣ ಅರಿಶಿನ, ನಷ್ಟ ಸೇರಿ: 140
- ಮಿಲ್ಲಿನ ಕೂಲಿ: 20
- 200 ಗ್ರಾಂನ 5 ಪೌಚು, ಲೇಬಲ್: 30
- ಪ್ಯಾಕಿಂಗ್ ಆಳು: 20
- ಸಾಗಣೆ: 15
- ಸ್ಯಾಂಪಲ್, ವಾಪಸ್ ಬಂದ ಮಾಲು: 15

ಒಟ್ಟು 240 ರೂಪಾಯಿ. 400ರಲ್ಲಿ ಅಂಗಡಿಯವರ ಕಮಿಷನ್ ಶೇ. 30, ಅಂದ್ರೆ 120. ನನಗೆ ಬರೋದು 280. ಉಳಿದದ್ದು ಬರೀ 40. ನನ್ನ ಓಡಾಟ, ಮನೆಯವರ ದುಡಿಮೆ ಇದರಲ್ಲಿ ಇನ್ನೂ ಸೇರಿಲ್ಲ.

ಲಾಭ ಪುಸ್ತಕದಲ್ಲಿತ್ತು, ಜೇಬಿನಲ್ಲಿರಲಿಲ್ಲ

ಆ ವರ್ಷ 300 ಕೆಜಿ ಪುಡಿ ಮಾಡಿಸಿದೆ. ಅದರಲ್ಲಿ 160 ಕೆಜಿಯನ್ನು ನಗರದ ಒಂದು ಅಂಗಡಿಗೆ ಸಾಲಕ್ಕೆ ಕೊಟ್ಟೆ. "ಎರಡು ತಿಂಗಳಲ್ಲಿ ಕ್ಲಿಯರ್ ಮಾಡ್ತೀವಿ" ಅಂದ್ರು. 44,800 ರೂಪಾಯಿ ಬರಬೇಕಿತ್ತು.

ಮೇ ಬಂತು. ಗೊಬ್ಬರ, ಟ್ರ್ಯಾಕ್ಟರ್, ಆಳಿನ ಕೂಲಿ, ಎಲ್ಲಕ್ಕೂ ನಗದು ಬೇಕು. ಫೋನ್ ಮಾಡಿದಾಗಲೆಲ್ಲ "ಮುಂದಿನ ವಾರ" ಅನ್ನೋ ಉತ್ತರ. ಕೊನೆಗೆ ಅಮ್ಮ ಸರ ಬಿಚ್ಚಿಕೊಟ್ಟು, "ಬಿತ್ತನೆ ನಿಲ್ಲಬಾರ್ದು ಕಣಪ್ಪ" ಅಂದ್ರು.

ದುಡ್ಡು ಬಂದದ್ದು ಐದನೇ ತಿಂಗಳಿಗೆ. ಜೊತೆಗೆ 22 ಕೆಜಿ ಪುಡಿ ಬಣ್ಣ ಮಾಸಿ ವಾಪಸ್ ಬಂತು. ಅದು ನನ್ನದೇ ತಪ್ಪು. ಚೆನ್ನಾಗಿ ಕಾಣಲಿ ಅಂತ ಪಾರದರ್ಶಕ ಪೌಚಿನಲ್ಲಿ ತುಂಬಿದ್ದೆ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಬೆಳಕಿಗೆ ಹಾಳಾಗುತ್ತೆ ಅಂತ ಓದಿದ್ದೆ, ಪ್ಯಾಕ್ ಮಾಡುವಾಗ ನೆನಪಾಗಲಿಲ್ಲ!

ಅರಿಶಿನ 8–9 ತಿಂಗಳ ಬೆಳೆ. ಅದರ ಮೇಲೆ ಬೇಯಿಸೋದು, ಒಣಗಿಸೋದು, ಪುಡಿ, ಆಮೇಲೆ ಅಂಗಡಿಯ ಸಾಲ. ಹಾಕಿದ ದುಡ್ಡು ತಿರುಗಿ ಬರೋಕೆ ಒಂದು ವರ್ಷ ದಾಟುತ್ತೆ. ಅಷ್ಟರಲ್ಲಿ ಮುಂದಿನ ಬಿತ್ತನೆ ಬಂದು ನಿಂತಿರುತ್ತೆ. ಹೊಸಬರು ಸಿಕ್ಕಿಬೀಳೋದು ಇಲ್ಲೇ.

ಕಾಗದ ಪತ್ರ

ಪುಡಿ ಅಂದ್ರೆ ಸಂಸ್ಕರಿಸಿದ ಆಹಾರ. ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಫಾಸ್ಕೋಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಲೇಬಲ್ ಮೇಲೆ 14 ಅಂಕಿಯ ಆ ನಂಬರ್, ತೂಕ, ಬ್ಯಾಚ್, ದಿನಾಂಕ, ಬಳಕೆಯ ಅವಧಿ, ಬೆಲೆ, ನಿಮ್ಮ ವಿಳಾಸ ಇರಲಿ.

"ಸಾವಯವ" ಅಂತ ಹಾಕಿ ಅಂಗಡಿಗೆ ಕೊಡಬೇಕಾದರೆ ಪ್ರಮಾಣಪತ್ರ ಬೇಕು. ಸಣ್ಣ ರೈತರಿಗೆ ಪಿಜಿಎಸ್-ಇಂಡಿಯಾ ಸುಲಭ. ಕನಿಷ್ಠ 5 ರೈತರ ಗುಂಪು ಬೇಕು. ಪರಿವರ್ತನೆಯ ಅವಧಿಯಲ್ಲಿ ಸಿಗೋದು ಪಿಜಿಎಸ್-ಗ್ರೀನ್. ಅದು ಮುಗಿದ ಮೇಲೆ ಪಿಜಿಎಸ್-ಆರ್ಗ್ಯಾನಿಕ್.

ಸಬ್ಸಿಡಿ ನಂಬಿ ಮಾತ್ರ ಶುರು ಮಾಡಬೇಡಿ. 2020ರಲ್ಲಿ ಬಂದ ಪಿಎಂಎಫ್ಎಂಇ ಯೋಜನೆಯಲ್ಲೂ ಸಬ್ಸಿಡಿ ಬ್ಯಾಂಕ್ ಸಾಲಕ್ಕೆ ಜೋಡಣೆಯಾಗಿತ್ತು. ಕೈಗೆ ನಗದು ಕೊಡೋದಲ್ಲ. ಈಗ ಯಾವ ಯೋಜನೆ ಚಾಲ್ತಿಯಲ್ಲಿದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಈಗ ನಾನು ಮಾಡೋದು

1. ಮೊದಲು ಮುಂದಿನ ಬೆಳೆಯ ಖರ್ಚು ಎತ್ತಿಡ್ತೀನಿ. ಅಷ್ಟಕ್ಕೆ ಬೇಕಾದಷ್ಟು ಒಣ ಅರಿಶಿನ ಮಂಡಿಗೇ ಹೋಗುತ್ತೆ. ಉಳಿದದ್ದು ಮಾತ್ರ ಪುಡಿಗೆ.
2. ಪುಡಿಯನ್ನು ಒಂದೇ ಸಲ ಮಾಡಿಸಲ್ಲ. ಕೊಂಬು ಹಾಗೇ ಇದ್ದರೆ ಬಣ್ಣ, ಘಮ ಉಳಿಯುತ್ತೆ. ಆರ್ಡರ್ ನೋಡಿ 30–40 ಕೆಜಿ ಪುಡಿ.
3. ಅಂಗಡಿಗೆ ಹೊಸ ಮಾಲು ಹಳೇ ಬಿಲ್ ತೀರಿದ ಮೇಲೇ.
4. ವಾಟ್ಸಾಪ್‌ನಲ್ಲಿ ನೇರ ಗ್ರಾಹಕರಿಗೆ ಕೊಟ್ಟರೆ ಕಮಿಷನ್ ಇಲ್ಲ. ಕೊರಿಯರ್‌ಗೆ 60 ಹೋದರೂ ಅಂಗಡಿಗೆ ಕೊಡೋದಕ್ಕಿಂತ ಹೆಚ್ಚು ಉಳಿಯುತ್ತೆ, ದುಡ್ಡೂ ಮೊದಲೇ ಬರುತ್ತೆ. ಆದರೆ ದಿನಾ ಒಂದು ಗಂಟೆ ಫೋನ್‌ಗೆ ಮೀಸಲು.
5. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ. ಮನೆ ಖರ್ಚು ಅದರಲ್ಲಿ ಬೆರೆಸಿದ್ರೆ ಲಾಭ, ನಷ್ಟ ಎರಡೂ ಕಾಣಲ್ಲ.

ಅಮ್ಮನ ಸರ ಬಿಡಿಸಿಕೊಂಡು ಬರೋಕೆ ಮುಂದಿನ ಸುಗ್ಗಿವರೆಗೆ ಕಾಯಬೇಕಾಯ್ತು. ನೀವು ಶುರು ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಮೊದಲ ವರ್ಷ ಒಂದು ಕ್ವಿಂಟಾಲ್ ಒಣ ಅರಿಶಿನದಿಂದ ಶುರು ಮಾಡಿ. ಅಷ್ಟೂ ಮುಳುಗಿದರೂ ಬಿತ್ತನೆ ನಿಲ್ಲಲ್ಲ, ಕಲಿತದ್ದು ಉಳಿಯುತ್ತೆ.